ಮೂಗಿನ ಅಲರ್ಜಿಗೆ ಕಷಾಯ: ನಾನು ಕಾಸುವ ಬಗೆ

ಎಲ್ಲವನ್ನೂ ಒಂದೇ ಪಾತ್ರೆಗೆ ಸುರಿದು ಕುದಿಸಿದರೆ ಅರ್ಧ ಮದ್ದು ಹಬೆಯಲ್ಲಿ ಹೋಗುತ್ತದೆ, ಇನ್ನರ್ಧ ಸೋಸುಬಟ್ಟೆಯಲ್ಲಿ ಉಳಿಯುತ್ತದೆ. ನಾನು ಮೂರು ಸಲಕ್ಕೆ ಹಾಕುತ್ತೇನೆ.

ಒಬ್ಬರಿಗೆ ಒಂದು ದಿನಕ್ಕೆ ಆಡುಸೋಗೆಯ ಒಣ ಎಲೆ 4 ಗ್ರಾಂ, ಒಣಶುಂಠಿ 3 ಗ್ರಾಂ, ಜ್ಯೇಷ್ಠಮಧು 3 ಗ್ರಾಂ. ತರಿತರಿಯಾಗಿ ಕುಟ್ಟಬೇಕು, ನುಣ್ಣಗಾದರೆ ತಳ ಹಿಡಿಯುತ್ತದೆ, ಸೋಸಲೂ ಆಗದು. ಸ್ಟೀಲ್ ಪಾತ್ರೆಗೆ ಮೊದಲು 40 ಮಿ.ಲೀ. ನೀರು ಹಾಕಿ, ಕಡ್ಡಿ ಅದ್ದಿ ಗುರುತು ಮಾಡಿಕೊಳ್ಳಿ. ಆಮೇಲೆ ಇನ್ನೂ 120 ಮಿ.ಲೀ. ಸೇರಿಸಿ, ಮುಚ್ಚದೆ, ಸಣ್ಣ ಉರಿಯಲ್ಲಿ ಆ ಗುರುತಿಗೆ ಇಳಿಸಿ. ಗುರುತಿಲ್ಲದೆ ಕಣ್ಣಂದಾಜಿನಲ್ಲಿ ಇಳಿಸಿದರೆ ದಿನಕ್ಕೊಂದು ಹದ.

ಒಲೆ ಆರಿಸಿದ ಮೇಲೆ 8-10 ತುಳಸಿ ಎಲೆ ಹಿಸುಕಿ ಹಾಕಿ ಐದು ನಿಮಿಷ ಮುಚ್ಚಿಡಿ. ಅದರ ಎಣ್ಣೆಯಂಶ ಕುದಿ ತಡೆಯದು. ನಂತರ ಸೋಸಿ.

ಅರಿಶಿನದ ಕರ್ಕ್ಯುಮಿನ್ ನೀರಿನಲ್ಲಿ ಕರಗುವುದಿಲ್ಲವೆನ್ನಬಹುದು, ಕಾಳುಮೆಣಸಿನ ಪೈಪರೀನ್ ಕೂಡ ಅಷ್ಟೇ. ಅದಕ್ಕೇ ಅರಿಶಿನ ಪುಡಿ ಕಾಲು ಚಮಚ, ಕಾಳುಮೆಣಸಿನ ಪುಡಿ ಒಂದು ಚಿಟಿಕೆ, ಬಿಸಿ ತುಪ್ಪ ಅರ್ಧ ಚಮಚ ಕಲಸಿ ಸೋಸಿದ್ದಕ್ಕೆ ಸೇರಿಸುತ್ತೇನೆ. ಮೆಣಸು ರುಚಿಗಲ್ಲ: 1998ರಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನವರು 2 ಗ್ರಾಂ ಕರ್ಕ್ಯುಮಿನ್ ಜೊತೆ 20 ಮಿ.ಗ್ರಾಂ. ಪೈಪರೀನ್ ಕೊಟ್ಟಾಗ ಮೈಗೆ ಹಿಡಿಯುವ ಪ್ರಮಾಣ 20 ಪಟ್ಟಾಯಿತು. ಇದೇ ಗುಣ ಮೂರ್ಛೆರೋಗದ ಫಿನಿಟಾಯಿನ್‌ನಂಥ ಮಾತ್ರೆಗಳ ಮಟ್ಟವನ್ನೂ ಏರಿಸಬಲ್ಲದು. ಮೂರ್ಛೆರೋಗದ ಮಾತ್ರೆ ನುಂಗುವವರಿಗೆ ಇದು ಬೇಡ.

ಅರ್ಧ ಬೆಳಿಗ್ಗೆ, ಅರ್ಧ ಸಂಜೆ. ಮರುದಿನಕ್ಕೆ ಇಡಬಾರದು, ಹುಳಿಯುತ್ತದೆ. ಬಿ.ಪಿ. ಇದ್ದರೆ ಜ್ಯೇಷ್ಠಮಧು ಬಿಡಿ. ಅದು ಪೊಟ್ಯಾಸಿಯಂ ಇಳಿಸಿ ಒತ್ತಡ ಏರಿಸುತ್ತದೆ. ಬಸುರಿಯರಿಗೆ ಆಡುಸೋಗೆ ಕೂಡದು. ಈ ಕಷಾಯವನ್ನು, ದೊಡ್ಡಪತ್ರೆ ರಸವನ್ನು ಕೂಡ, ಮೂಗಿಗೆ ಬಿಟ್ಟುಕೊಳ್ಳಬೇಡಿ.

ಸೀನು, ಸೋರಿಕೆ, ತುರಿಕೆ, ಕಟ್ಟುವಿಕೆ, ಒಂದೊಂದಕ್ಕೂ 0ಯಿಂದ 3 ಅಂಕ ದಿನಾ ಬರೆದಿಡಿ. ಎರಡು ವಾರದಲ್ಲಿ ಮೊತ್ತ ಇಳಿಯದಿದ್ದರೆ ನಾನಂತೂ ನಿಲ್ಲಿಸಿಬಿಡುತ್ತೇನೆ. ವೈದ್ಯರು ಕೊಟ್ಟ ಸ್ಪ್ರೇ ಬಿಟ್ಟು ಇದನ್ನು ಹಿಡಿಯುವುದು ತಪ್ಪು. ಉಸಿರಿನಲ್ಲಿ ಸುಂಯ್‌ಗುಟ್ಟಿದರೆ, ಒಂದೇ ಹೊಳ್ಳೆ ಸದಾ ಕಟ್ಟಿದ್ದರೆ ಕಷಾಯದ ಮಾತೇ ಇಲ್ಲ.

ಬಟರ್‌ಬರ್ ಎಂಬ ವಿದೇಶಿ ಮದ್ದಿನ ಗಿಡದ ಬಗ್ಗೆ ಕೇಳುವವರಿದ್ದಾರೆ. 2002ರ ಪರೀಕ್ಷೆಯಲ್ಲಿ 125 ಜನರಿಗೆ ಎರಡು ವಾರ ಕೊಟ್ಟಾಗ ಅದರ ಸಾರ ಅಲರ್ಜಿಯ ಮಾತ್ರೆ ಸೆಟಿರಿಜಿನ್‌ಗೆ ಸಾಟಿಯಾಗಿತ್ತು, ನಿಜ. ಆದರೆ ಆ ಗಿಡದಲ್ಲಿರುವ ಪೈರೊಲಿಜಿಡಿನ್ ಆಲ್ಕಲಾಯ್ಡ್ ಯಕೃತ್ತಿಗೆ ವಿಷ, ಮನೆಯಲ್ಲಿ ಕುದಿಸಿ ತೆಗೆಯುವಂಥದ್ದಲ್ಲ. ಮೇಲಾಗಿ ಅದು ನಮ್ಮ ಕಾಂಗ್ರೆಸ್ ಗಿಡದ (ಪಾರ್ಥೇನಿಯಂ) ಕುಟುಂಬದ್ದೇ, ಚಹಾಕ್ಕೆ ಹಾಕುವ ಕ್ಯಾಮಮೈಲ್ ಹೂವಿನ ಗಿಡ ಕೂಡ. ಪಾರ್ಥೇನಿಯಂ ಪರಾಗಕ್ಕೆ ಸೀನುವವರು ಎರಡರಿಂದಲೂ ದೂರವಿರಿ.