ಡ್ರೈ ಟ್ಯಾಪ್ ಆದರೂ ಉತ್ತರ ಸಿಕ್ಕಿತು: ನನ್ನ ಅನುಭವ

ಬೆನ್ನ ಮೇಲೆ ಪೆಟ್ಟು ಬಿದ್ದಂತೆ ನೇರಳೆ ಗಂಟುಗಳು. ಅರವತ್ತು ದಾಟಿದ ರೈತ. ನಾಲ್ಕು ತಿಂಗಳು ಮುಲಾಮು ಹಚ್ಚಿದ್ದರು, ಕುಷ್ಠ ಇರಬಹುದೆಂದು ಸ್ಮಿಯರ್ ಕೂಡ ಆಗಿತ್ತು. ಚರ್ಮದ ಬಯಾಪ್ಸಿಯಲ್ಲಿ ಬ್ಲಾಸ್ಟ್, ಅಂದರೆ ಬಲಿಯದ ರಕ್ತಕಣಗಳು, ತುಂಬಿದ್ದವು. ರಕ್ತದ ಕೌಂಟ್ ಮಾತ್ರ ಹೆಚ್ಚುಕಮ್ಮಿ ನಾರ್ಮಲ್. ಮೂಳೆಮಜ್ಜೆ (ಮ್ಯಾರೋ) ನೋಡೋಣ ಅಂದೆ. ‘ಮ್ಯಾರೋ ಯಾಕೆ ಸಾರ್, ಸುಮ್ನೆ ಖರ್ಚು’ ಅಂದರು ಜೊತೆಯವರು. ರಕ್ತದ ಕ್ಯಾನ್ಸರ್ ರಕ್ತದಲ್ಲಿ ಕಾಣುವ ಮೊದಲೇ ಚರ್ಮದಲ್ಲಿ ಕಾಣಿಸುವ ಕೇಸ್ ಇದ್ದೇ ಇದೆ ಅಲ್ವಾ? ನಾನು ಬಿಡಲಿಲ್ಲ.

ಸೊಂಟದ ಮೂಳೆಗೆ ಸೂಜಿ ಹಾಕಿದೆ, ಡ್ರೈ ಟ್ಯಾಪ್: ಎಳೆದರೂ ಮಜ್ಜೆ ಬರಲಿಲ್ಲ. ಎರಡನೇ ಸಲವೂ ಅಷ್ಟೇ. ಆದರೆ ಟ್ರೆಫೈನ್ ಕೋರ್, ಅಂದರೆ ದಪ್ಪ ಸೂಜಿಯಲ್ಲಿ ತೆಗೆದ ಮಜ್ಜೆಸಹಿತ ಮೂಳೆಯ ತುಣುಕು, ಒಂದೂವರೆ ಸೆಂಟಿಮೀಟರ್ ಬಂತು. ಫಾರ್ಮಲಿನ್‌ಗೆ ಹಾಕುವ ಮುಂಚೆ ಅದನ್ನು ಸ್ಲೈಡ್ ಮೇಲೆ ಉರುಳಿಸಿ ಜೀವಕೋಶಗಳ ಅಚ್ಚು, ಅಂದರೆ ಇಂಪ್ರಿಂಟ್, ತೆಗೆದೆ. ಕೋಡುಬಳೆ ಹೊಸೆದ ಹಾಗೆ ಒತ್ತಿದರೆ ಕೆಟ್ಟಿತು, ಜೀವಕೋಶ ಜಜ್ಜಿಹೋಗುತ್ತವೆ. ಮೊದಲು ರಕ್ತವನ್ನು ಫಿಲ್ಟರ್ ಪೇಪರಿನ ಅಂಚಿಗೆ ಹೀರಿಸಿ, ಆಮೇಲೆ ಕೋರ್ ತನ್ನ ಭಾರಕ್ಕೇ ಉರುಳಬೇಕು. ಇನ್ನೊಂದು ಕೈಚಳಕ ಇದೆ, ಅದನ್ನು ಎದುರಿಗೆ ಕೂತವರಿಗೆ ಮಾತ್ರ ತೋರಿಸುತ್ತೇನೆ.

ಇದು ಕೈಗೆ ಹತ್ತಲು ಎರಡು ವರ್ಷ ಬೇಕಾಯಿತು. ಮೊದಲ ಐದಾರು ಇಂಪ್ರಿಂಟ್ ಗೀಮ್ಸಾ ಬಣ್ಣದಲ್ಲಿ ಬರೀ ನೀಲಿ. ಅದೇ ಟ್ರೇಯಲ್ಲಿ ಫಾರ್ಮಲಿನ್ ಬಾಟಲಿಯ ಮುಚ್ಚಳ ತೆರೆದಿತ್ತು, ಆ ಆವಿಯೇ ಕಾರಣ ಎಂದು ಗೊತ್ತಾಗಲು ಒಂದೂವರೆ ತಿಂಗಳು ಹಿಡಿಯಿತು. ಮೂಳೆಯ ಕ್ಯಾಲ್ಸಿಯಂ ತೆಗೆದು ಮೆತ್ತಗೆ ಮಾಡುವ ಡೀಕ್ಯಾಲ್‌ನಲ್ಲೂ ಪೆಟ್ಟು ತಿಂದೆ. ನೈಟ್ರಿಕ್ ಆಸಿಡ್‌ನಲ್ಲಿ ಬೇಗ ಆಗುತ್ತದೆ, ಆದರೆ ಜೀವಕೋಶದ ಗುರುತು ಹಿಡಿಯುವ ಐಎಚ್‌ಸಿ ಮಾರ್ಕರ್‌ಗಳು ಎದ್ದೇ ಬರಲಿಲ್ಲ. ಒಂದೊಂದಕ್ಕೆ ಸುಮಾರು ಒಂಬೈನೂರು ರೂಪಾಯಿ. ಕೈಯಿಂದ ಇಪ್ಪತ್ತು ಸಾವಿರದಷ್ಟು ಹೋಯಿತು. ಈಗ ಕ್ಯಾಲ್ಸಿಯಂ ಅನ್ನು ನಿಧಾನವಾಗಿ ತೆಗೆಯುವ ಇಡಿಟಿಎ ಮಾತ್ರ. ಎರಡು ಮೂರು ದಿನ ಜಾಸ್ತಿ ಕಾಯಬೇಕು, ಕಾಯುತ್ತೇನೆ.

ನಡುವೆ ಇನ್ನೊಂದು ಪ್ರಯೋಗವನ್ನೂ ಮಾಡಿದೆ. ಸೂಜಿಯಲ್ಲಿ ಎಳೆದ ಮಜ್ಜೆ (ಆಸ್ಪಿರೇಟ್) ಬಂದ ಕೇಸ್‌ಗಳಲ್ಲಿ ಸ್ಲೈಡ್ ಮಾಡಿ ಉಳಿದ ಹೆಪ್ಪನ್ನು ಎಸೆಯದೆ ಮೇಣದಲ್ಲಿ ಕೂರಿಸಿ ಬ್ಲಾಕ್ ಮಾಡಿದೆ. ಮೂಳೆ ಇಲ್ಲ, ಡೀಕ್ಯಾಲ್ ಬೇಡ, ಮಾರ್ಕರ್‌ಗಳು ಚೆನ್ನಾಗಿ ಬರುತ್ತವೆ. ಎಂಟರಲ್ಲಿ ಆರಕ್ಕೆ ಕೆಲಸ ಮಾಡಿತು.

ಆ ರೈತನ ಇಂಪ್ರಿಂಟ್‌ನಲ್ಲಿ ಬ್ಲಾಸ್ಟ್‌ಗಳು ಸಾಲುಗಟ್ಟಿ ನಿಂತಿದ್ದವು. ಕೋರ್‌ನಲ್ಲಿ ಸಿಡಿ4, ಸಿಡಿ56, ಸಿಡಿ123 ಮಾರ್ಕರ್ ಮೂರೂ ಪಾಸಿಟಿವ್, ಎಂಪಿಒ ಮಾರ್ಕರ್ ನೆಗೆಟಿವ್. ಬ್ಲಾಸ್ಟಿಕ್ ಪ್ಲಾಸ್ಮಸೈಟಾಯ್ಡ್ ಡೆಂಡ್ರಿಟಿಕ್ ಸೆಲ್ ನಿಯೋಪ್ಲಾಸಂ, ಅಪರೂಪದ ರಕ್ತದ ಕ್ಯಾನ್ಸರ್. 2008ರ ಡಬ್ಲ್ಯುಎಚ್‌ಒ ವರ್ಗೀಕರಣ ಕೊಟ್ಟ ಹೆಸರು ಇದು. ನಮ್ಮ ಲ್ಯಾಬಿನಿಂದ ಈ ಹೆಸರಿನ ರಿಪೋರ್ಟ್ ಹೊರಟದ್ದು ಅದೇ ಮೊದಲು. ಆರನೇ ದಿನಕ್ಕೆ ಅವರ ಮಗ ಬ್ಲಾಕ್, ಸ್ಲೈಡ್ ಎರಡನ್ನೂ ಟವೆಲ್‌ನಲ್ಲಿ ಸುತ್ತಿಕೊಂಡು ಬೆಂಗಳೂರಿನ ಬಸ್ ಹತ್ತಿದ. ಅಲ್ಲಿ ನಮ್ಮ ಬ್ಲಾಕನ್ನೇ ಓದಿದರು. ಆ ಅಪ್ಪನ ಸೊಂಟಕ್ಕೆ ಮತ್ತೆ ಸೂಜಿ ಹಾಕಲಿಲ್ಲ.