ಹಳೇ ಪಾಮ್ ಟಿಎಕ್ಸ್‌ನಲ್ಲಿ ಸಿನಿಮಾ ಓಡುತ್ತದೆ, ಓಡಿಸಿದ್ದೇನೆ

2005ರ ಪಾಮ್ ಟಿಎಕ್ಸ್ ಅನ್ನೋ ಅಂಗೈಯಗಲದ ಕಂಪ್ಯೂಟರ್‌ನಲ್ಲಿ (ಪಿಡಿಎ) ಎರಡೂವರೆ ಗಂಟೆಯ ಸಿನಿಮಾ ಎಲ್ಲೂ ತಡವರಿಸದೆ ಓಡುತ್ತಿದೆ. ಆಗಲ್ಲ ಅಂದವರೇ ಜಾಸ್ತಿ. ಅದಕ್ಕೇ ಬರೆಯುತ್ತಿದ್ದೇನೆ.

ಸೆಟ್ ಸಿಕ್ಕಿದ್ದು ಸುಮಾರು 600 ರೂಪಾಯಿಗೆ, ಬ್ಯಾಟರಿ ಉಬ್ಬಿತ್ತು. ದಾವಣಗೆರೆ ಮಂಡಿಪೇಟೆ ಹತ್ತಿರದ ರಿಪೇರಿ ಅಂಗಡಿಯವರು "ಸುಮ್ನೆ ದುಡ್ಡು ಹಾಳು ಮಾಡ್ಕೋಬೇಡ್ರಿ ಸಾರ್, ಫೋನಲ್ಲೇ ನೋಡ್ರಿ" ಅಂದರು. ಆದರೂ ಅದೇ ಅಳತೆಯ ಬ್ಯಾಟರಿ ಹುಡುಕಿ ಸೋಲ್ಡರ್ ಮಾಡಿಕೊಟ್ಟರು, ಕೂಲಿ ಸೇರಿ 500ರ ಹತ್ತಿರ ಆಯಿತು. ಅದಕ್ಕಿಂತ ಅಲೆದಾಟ ಆಗಿದ್ದು 2 ಜಿಬಿ ಎಸ್‌ಡಿ ಕಾರ್ಡ್‌ಗೆ. 2 ಜಿಬಿಗಿಂತ ದೊಡ್ಡ ಕಾರ್ಡ್‌ಗಳ ಎಸ್‌ಡಿಎಚ್‌ಸಿ ಬಗೆ ಬಂದಿದ್ದೇ 2006ರಲ್ಲಿ, ಹಾಗಾಗಿ ದೊಡ್ಡ ಕಾರ್ಡ್ ಹಾಗೇ ಹಾಕಿದರೆ ಈ ಸೆಟ್‌ಗೆ ಗುರುತೇ ಸಿಗುವುದಿಲ್ಲ. ಹಳೇ ಕ್ಯಾಮೆರಾದಲ್ಲಿದ್ದ ಒಂದು ಕಾರ್ಡನ್ನು 200 ಕೊಟ್ಟು ತಂದೆ.

ವಿಡಿಯೋ ಓಡಿಸುವ ಪ್ಲೇಯರ್ ಆ್ಯಪ್ ಟಿಸಿಪಿಎಂಪಿ, ಬೇರೆ ಯೋಚನೆಯೇ ಬೇಡ. ಫೋನಿನ ಎಚ್.264 ವಿಡಿಯೋ ಫೈಲ್ ಹಾಗೇ ಹಾಕಿದರೆ ಮಾತು ಮುಂದೆ, ಬಾಯಿ ಹಿಂದೆ. 312 ಮೆಗಾಹರ್ಟ್ಸ್ ಪ್ರೊಸೆಸರ್ ಅಲ್ವಾ, ಪ್ಲೇಯರ್‌ನದೇ ವೇಗದ ಪರೀಕ್ಷೆ ಬೆಂಚ್‌ಮಾರ್ಕ್‌ನಲ್ಲಿ (100 ದಾಟಿದರೆ ತಡವರಿಸದೆ ಓಡುತ್ತದೆ ಅಂತ ಲೆಕ್ಕ) ಶೇಕಡಾ 40 ದಾಟಲಿಲ್ಲ. 320×240ಕ್ಕೆ ಇಳಿಸಿದರೆ ಓಡಿತು, ಆದರೆ ಸ್ಕ್ರೀನ್ ತುಂಬ ಹಿಗ್ಗಿಸಿದಾಗ ಮುಖಗಳೆಲ್ಲ ಮಸುಕು. ಕೊನೆಗೆ ವಿಡಿಯೋ ಕನ್ವರ್ಟ್ ಮಾಡುವ ಎಫ್‌ಎಫ್‌ಎಂಪೆಗ್ ಸಾಫ್ಟ್‌ವೇರ್‌ನಲ್ಲಿ, ಪ್ರೊಸೆಸರ್‌ಗೆ ಹಗುರಾದ ಎಕ್ಸ್‌ವಿಡ್ ಎವಿಐ ಫೈಲ್ ಮಾಡಿದೆ. ಅಗಲ ಸ್ಕ್ರೀನಿನಷ್ಟೇ, 480×272. ಹೀಗೆ ಮಾಡಿದರೆ ಪ್ಲೇಯರ್ ಹಿಗ್ಗಿಸುವ ಕೆಲಸವೇ ಉಳಿಯುವುದಿಲ್ಲ. ಪ್ರೊಸೆಸರ್‌ಗೆ ಭಾರವಾಗುವ ಕಂಪ್ರೆಷನ್ ಆಯ್ಕೆಗಳಾದ ಬಿ-ಫ್ರೇಮ್, ಕ್ಯೂಪೆಲ್, ಜಿಎಂಸಿ ಮೂರೂ ಬಂದ್. ವಿಡಿಯೋ ಬಿಟ್‌ರೇಟ್ (ಸೆಕೆಂಡಿಗೆ ಹಿಡಿಯುವ ಡೇಟಾ) 800 ಕೆಬಿಪಿಎಸ್ ಇಟ್ಟಾಗ ಫೈಟಿಂಗ್ ಸೀನ್‌ನಲ್ಲಿ ಎಡವುತ್ತಿತ್ತು, 500ಕ್ಕೆ ತಂದ ಮೇಲೆ ಬೆಂಚ್‌ಮಾರ್ಕ್ 120ರ ಮೇಲೆ ನಿಂತಿತು. ಆಡಿಯೋ ಎಂಪಿ3, 96 ಕೆಬಿಪಿಎಸ್. ಒಂದು ಸಿನಿಮಾಗೆ 650–700 ಎಂಬಿ, ಕಾರ್ಡಿಗೆ ಎರಡು ಆರಾಮಾಗಿ ಹಿಡಿಸುತ್ತವೆ.

ಮಧ್ಯೆ ಇನ್ನೊಂದು ಪ್ರಯೋಗ ಮಾಡಿದೆ. ಊರಿನ ಜಾತ್ರೆ ನಾಟಕದ ವಿಸಿಡಿ ಮನೆಯಲ್ಲಿತ್ತು. ವಿಸಿಡಿ ಅಂದರೆ ಎಂಪೆಗ್-1, 352×288, ಸೆಕೆಂಡಿಗೆ 25 ಫ್ರೇಮ್. ಕನ್ವರ್ಟ್ ಮಾಡದೆ, ಸುಮ್ನೆ ಕಾಪಿ ಮೋಡ್‌ನಲ್ಲಿ ಎಂಪಿಜಿ ಮಾಡಿ ಹಾಕಿದೆ, ಸಲೀಸಾಗಿ ಓಡಿತು. ಜಾಗ ಮಾತ್ರ ಜಾಸ್ತಿ ತಿನ್ನುತ್ತದೆ. ಆದರೂ ಅಪ್ಪ ಅದನ್ನು ಪೂರ್ತಿ ನೋಡಿದರು, ನನಗೆ ಸಿನಿಮಾಗಿಂತ ಅದೇ ಹೆಚ್ಚು ಖುಷಿ.

ವೈಫೈ, ಬ್ಲೂಟೂತ್ ಆಫ್ ಮಾಡಿ ಬ್ರೈಟ್‌ನೆಸ್ ಅರ್ಧಕ್ಕಿಟ್ಟರೆ ಮೂರೂವರೆ ಗಂಟೆ ಬರುತ್ತದೆ. ಬೆಂಗಳೂರು ಬಸ್ಸಿನಲ್ಲಿ ಚಿತ್ರದುರ್ಗ, ಹಿರಿಯೂರು, ಸಿರಾ ದಾಟಿ ತುಮಕೂರು ಹತ್ತಿರ ಹೋಗುವ ತನಕ ಬ್ಯಾಟರಿ ತಡೆಯಿತು. ಇಯರ್‌ಫೋನ್ ಬೇಕೇ ಬೇಕು, ಹಿಂದಿನ ಸ್ಪೀಕರ್ ಬಸ್ಸಿನ ಸದ್ದಿಗೆ ಏನೂ ಸಾಲದು. ಟಿಎಕ್ಸ್ ಚಾರ್ಜಿಂಗ್ ಕೇಬಲ್ ಸಿಗದಿದ್ದರೆ ಪಾಮ್‌ನದೇ ಫೋನ್ ಟ್ರಿಯೊ 650ರದ್ದು ಹುಡುಕಿ, ಎರಡಕ್ಕೂ ಅದೇ ಕನೆಕ್ಟರ್.