ನನ್ನ ಪೋಲೋಗೆ ಹೊಸ ಪೆಡಲ್ ಕೂರಿಸಿದ್ದು ಹೀಗೆ

ಪೆಡಲ್ ಬದಲಾಯಿಸಿದರೆ ಕಾರು ಜೋರಾಗಿ ಓಡುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಯಾಕೆಂದರೆ ಬಳ್ಳಾರಿಯಲ್ಲಿ ನನ್ನ ಕಾರಿನೊಳಗೆ ಬಗ್ಗಿ ನೋಡಿದವರೆಲ್ಲ ಕೇಳುವುದು ಒಂದೇ ಮಾತು: "ಪಿಕಪ್ ಜಾಸ್ತಿ ಆಯ್ತಾ?" ಪಿಕಪ್ ಮೊದಲಿನಷ್ಟೇ ಇದೆ. ಬದಲಾಗಿದ್ದು ಬಲಗಾಲಿನ ಕೆಲಸ.

ನನ್ನದು ಫೋಕ್ಸ್‌ವ್ಯಾಗನ್ ಪೋಲೋ 1.0 ಟಿಎಸ್‌ಐ. 110 ಪಿಎಸ್ ಟರ್ಬೊ ಎಂಜಿನ್, 6 ಗೇರಿನ ಮ್ಯಾನುಯಲ್. ಅಪ್ಪಟ ಸ್ಪೋರ್ಟ್ಸ್ ಕಾರ್ ಅಂತ ಯಾರೂ ಒಪ್ಪಲ್ಲ, ಒಪ್ಪದಿದ್ದರೆ ಬೇಡ. ಬಳ್ಳಾರಿ ಸುತ್ತ ರಸ್ತೆಯೆಲ್ಲ ಎರೆಹೊಲದ ನಡುವೆ ಗೆರೆ ಎಳೆದ ಹಾಗೆ ನೇರ. ತಿರುವು ಬೇಕೆಂದರೆ ತೋರಣಗಲ್ಲು ದಾಟಿ ಸಂಡೂರಿನ ಗುಡ್ಡಕ್ಕೇ ಹೋಗಬೇಕು. ಅಲ್ಲಿ ಇಳಿಜಾರಿನಲ್ಲಿ ಬ್ರೇಕ್ ಒತ್ತುತ್ತಲೇ ಮೂರನೇ ಗೇರಿನಿಂದ ಎರಡಕ್ಕೆ ಇಳಿಸಬೇಕಾಗುತ್ತದೆ. ಕ್ಲಚ್ ಬಿಟ್ಟ ಕೂಡಲೇ ಕಾರು ಜಗ್ಗುತ್ತದೆ. ಎರಡನೇ ಗೇರಿಗೆ ಬೇಕಾದಷ್ಟು ಎಂಜಿನ್ ತಿರುಗುತ್ತಿರುವುದಿಲ್ಲ, ಅದಕ್ಕೆ.

ಇದಕ್ಕೆ ಮದ್ದು 'ಹೀಲ್ ಅಂಡ್ ಟೋ'. ಬಲಪಾದದ ಎಡ ಭಾಗ ಬ್ರೇಕ್ ಒತ್ತಿಕೊಂಡೇ ಇರಬೇಕು, ಕ್ಲಚ್ ಬಿಡುವ ಮೊದಲು ಅದೇ ಪಾದದ ಬಲ ಅಂಚು ಆಕ್ಸಿಲರೇಟರನ್ನು ಒಮ್ಮೆ ಸಣ್ಣಗೆ ತಟ್ಟಿ ಎಂಜಿನ್ ವೇಗ ಏರಿಸಬೇಕು. ಹೇಳೋದು ಸುಲಭ. ಸಾಮಾನ್ಯ ಕಾರುಗಳಲ್ಲಿ ಬ್ರೇಕ್ ಪೆಡಲ್ ಆಕ್ಸಿಲರೇಟರಿಗಿಂತ ಎತ್ತರದಲ್ಲಿರುತ್ತದೆ. ಗಾಬರಿಯಲ್ಲಿ ಎರಡನ್ನೂ ಒಟ್ಟಿಗೆ ತುಳಿಯಬಾರದಲ್ವಾ? ಒಳ್ಳೆಯ ಲೆಕ್ಕಾಚಾರವೇ. ಆದರೆ ನನ್ನ ಪಾದದ ಅಂಚಿಗೆ ಆಕ್ಸಿಲರೇಟರ್ ಎಟುಕುತ್ತಿರಲಿಲ್ಲ.

ಆನ್‌ಲೈನ್‌ನಲ್ಲಿ ಎಲ್ಲಾ ಕಾರಿಗೂ ಆಗುತ್ತದೆ ಅಂತ ಮಾರುವ ಅಲ್ಯುಮಿನಿಯಂ ಸೆಟ್‌ಗಳಿವೆ. ಹಳೇ ಪೆಡಲಿಗೆ ರಂಧ್ರ ಕೊರೆದು ಬೋಲ್ಟ್ ಹಾಕಿ ಅನ್ನುತ್ತಾರೆ. ನಾನು ಅದರ ತಂಟೆಗೆ ಹೋಗಲಿಲ್ಲ. ಆಕ್ಸಿಲರೇಟರ್ ಪ್ಲಾಸ್ಟಿಕ್ಕಿನದು, ಅದರ ಬುಡದಲ್ಲೇ ಪೆಡಲ್ ಎಷ್ಟು ಒತ್ತಿದೆ ಅಂತ ಎಂಜಿನ್ ಕಂಪ್ಯೂಟರಿಗೆ ಹೇಳುವ ಸೆನ್ಸರ್ ಇದೆ. ಇನ್ನು ಬ್ರೇಕಿನ ಮೇಲೆ ದಪ್ಪ ತಗಡು ಕೂರಿಸಿದರೆ ಅದು ಇನ್ನಷ್ಟು ಎತ್ತರವಾಗುತ್ತದೆ. ನಮಗೆ ಬೇಕಾದ್ದಕ್ಕೆ ಪೂರ್ತಿ ಉಲ್ಟಾ.

ಹಾಗಾಗಿ ಮೊದಲು ಅಳತೆ. ಎಂಜಿನ್ ಆಫ್ ಮಾಡಿ ಅಳೆದರೆ ಪ್ರಯೋಜನವಿಲ್ಲ. ಕಾಲಿನ ಒತ್ತಿಗೆ ಬಲ ಸೇರಿಸುವ ಬ್ರೇಕ್ ಬೂಸ್ಟರಿಗೆ ನಿರ್ವಾತ ಸಿಗದೆ ಬ್ರೇಕ್ ಕಲ್ಲಾಗಿರುತ್ತದೆ. ಗೇರ್ ನ್ಯೂಟ್ರಲ್‌ಗೆ ಹಾಕಿ, ಹ್ಯಾಂಡ್‌ಬ್ರೇಕ್ ಎಳೆದು, ಎಂಜಿನ್ ಶುರು ಮಾಡಿದೆ. ಕಾಲ ಬಳಿ ಮೊಬೈಲನ್ನು ಪಕ್ಕದಿಂದ ಕಾಣುವಂತೆ ನಿಲ್ಲಿಸಿ ವಿಡಿಯೋ ಹಾಕಿ, ಇಳಿಜಾರಿನಲ್ಲಿ ಒತ್ತುವಷ್ಟೇ ಬಲವಾಗಿ ಬ್ರೇಕ್ ಒತ್ತಿದೆ. ಆಮೇಲೆ ವಿಡಿಯೋ ನಿಲ್ಲಿಸಿ ನೋಡಿದರೆ, ಅಷ್ಟು ಒತ್ತಿದ ಮೇಲೂ ಬ್ರೇಕ್ ಆಕ್ಸಿಲರೇಟರಿಗಿಂತ ಸುಮಾರು 2 ಸೆಂ.ಮೀ. ಮೇಲೇ ಇದೆ. ಎರಡೂ ಸರಿಸಮ ಆಗುವುದು ನನಗೆ ಬೇಕಿರಲಿಲ್ಲ. ಬ್ರೇಕ್ ಸ್ವಲ್ಪ ಮೇಲಿದ್ದರೇ ಕ್ಷೇಮ. ಆಕ್ಸಿಲರೇಟರನ್ನು 8 ಮಿ.ಮೀ. ಎತ್ತರಿಸಿದರೆ ಸಾಕು ಅನ್ನಿಸಿತು.

ಕೌಲ್ ಬಜಾರ್ ಕಡೆಯ ಒಂದು ಲೇತ್ ಅಂಗಡಿಯಲ್ಲಿ ಅಲ್ಯುಮಿನಿಯಂ ಪಟ್ಟಿ ಕೊಯ್ಯಿಸಿದೆ. ಅಂಗಡಿಯ ಅಣ್ಣ ತುಂಡನ್ನು ಕೈಯಲ್ಲಿ ತಿರುಗಿಸಿ ನೋಡಿ, "ಮೂಲಿ ಹಿಂಗೇ ಬಿಟ್ರೆ ಶೂ ಸಿಕ್ಕೊಂತದ್ರಿ" ಅಂತ ತಾನೇ ನಾಲ್ಕೂ ಅಂಚು ಉಜ್ಜಿ ದುಂಡಗೆ ಮಾಡಿಕೊಟ್ಟ. ಆಕ್ಸಿಲರೇಟರ್ ಪೆಡಲಿನ ಹಿಂದೆ ಒಂದು ತೆಳು ಪಟ್ಟಿ, ಮುಂದೆ ಎತ್ತರ ಕೊಡುವ ಈ ತುಂಡು (ಸ್ಪೇಸರ್), ಅದರ ಮೇಲೆ ರಬ್ಬರ್ ಗುಬ್ಬಿಗಳಿರುವ ಲೋಹದ ಪ್ಯಾಡ್. ಪೆಡಲಿನ ಎರಡೂ ಬದಿಯಿಂದ ಹಾದುಹೋಗುವ ಎಂ5 ಬೋಲ್ಟ್‌ಗಳು ಇವನ್ನೆಲ್ಲ ಬಿಗಿ ಹಿಡಿಯುತ್ತವೆ. ಪೆಡಲಿಗೆ ಒಂದು ರಂಧ್ರವೂ ಇಲ್ಲ. ನಟ್ ನೈಲಾಕ್‌ದೇ (ಒಳಗೆ ನೈಲಾನ್ ಬಳೆ ಇರುವುದು) ಆಗಬೇಕು, ಮಾಮೂಲಿ ನಟ್ ನಮ್ಮ ರಸ್ತೆಯ ಕುಲುಕಾಟಕ್ಕೆ ಸಡಿಲಾಗುತ್ತದೆ. ಹಿಂದೆ ಚಾಚಿದ ಬೋಲ್ಟ್ ತುದಿಗಳನ್ನು ಕೊಯ್ದು ಅರ ಹಾಕಿದೆ.

ಬ್ರೇಕ್ ಮತ್ತು ಕ್ಲಚ್‌ಗೆ ಪೋಲೋಗೆಂದೇ ಬರುವ ಪೆಡಲ್ ಪ್ಯಾಡ್ ತಂದೆ. ಹಳೇ ರಬ್ಬರ್ ಎಳೆದು ತೆಗೆದು ಅದೇ ಜಾಗದಲ್ಲಿ ಇದನ್ನು ಕೂರಿಸುವುದು, ಅಷ್ಟೇ. ಹೊಸದರ ರಬ್ಬರ್ ಅಂಚು ಬಿರುಸಾಗಿರುತ್ತದೆ. ಬಿಸಿನೀರಲ್ಲಿ ನೆನೆಸಿ ಅನ್ನುತ್ತಾರೆ. ಬಳ್ಳಾರಿಯಲ್ಲಿ ಅದೆಲ್ಲ ಯಾಕೆ? ಬಾನೆಟ್ ಮೇಲೆ ಸ್ವಲ್ಪ ಹೊತ್ತು ಬಿಸಿಲಿಗಿಟ್ಟೆ, ಮೆತ್ತಗಾಯಿತು. ಜಾರಿಸಲು ಸೋಪಿನ ನೀರು ಮಾತ್ರ. ಎಣ್ಣೆ, ಗ್ರೀಸ್ ಮುಟ್ಟಲೇಬೇಡಿ. ನಾಲ್ಕೂ ಅಂಚು ಪೆಡಲಿನ ಹಿಂದಕ್ಕೆ ಹೋಗಿ ಕೂತಿದೆಯಾ ಅಂತ ಬೆರಳಾಡಿಸಿ ನೋಡಬೇಕು. ಕಣ್ಣಿಗೆ ಕಾಣುವುದಿಲ್ಲ.

ಇನ್ನು ಪರೀಕ್ಷೆ. ಒಬಿಡಿ ಸ್ಕ್ಯಾನರ್ (ಎಂಜಿನ್ ಕಂಪ್ಯೂಟರಿನ ಮಾಹಿತಿ ಓದುವ ಸಣ್ಣ ಉಪಕರಣ) ಹಾಕಿದರೆ ಪೆಡಲ್ ಎಷ್ಟು ಒತ್ತಿದೆ ಅಂತ ಮೊಬೈಲಿನಲ್ಲೇ ಕಾಣುತ್ತದೆ. ಕೂರಿಸುವ ಮೊದಲು ಪೂರ್ತಿ ಒತ್ತಿದಾಗ, ಪೂರ್ತಿ ಬಿಟ್ಟಾಗ ಬರುವ ಅಂಕಿ ಬರೆದಿಟ್ಟಿದ್ದೆ. ಆಮೇಲೂ ಅವೇ ಬಂದವು. ಪೂರ್ತಿ ಒತ್ತಿದ ಅಂಕಿ ಕಡಿಮೆಯಾದರೆ ಪ್ಯಾಡ್ ನೆಲಕ್ಕೆ ತಾಗುತ್ತಿದೆ ಅಂತ ಅರ್ಥ. ಬಿಟ್ಟಾಗಿನ ಅಂಕಿ ಜಾಸ್ತಿಯಾದರೆ ಪೆಡಲ್ ಹಿಂದಕ್ಕೆ ಬರುತ್ತಿಲ್ಲ, ಗಾಡಿ ರಸ್ತೆಗೆ ಇಳಿಸಲೇಬಾರದು. ನೆಲದ ಮ್ಯಾಟನ್ನೂ ನೋಡಿ. 2009ರಲ್ಲಿ ಅಮೆರಿಕದಲ್ಲಿ ಟೊಯೊಟಾ ಲಕ್ಷಗಟ್ಟಲೆ ಕಾರುಗಳನ್ನು ರಿಕಾಲ್ ಮಾಡಿದ್ದು ಆಕ್ಸಿಲರೇಟರ್ ಮ್ಯಾಟಿಗೆ ಸಿಕ್ಕಿಕೊಳ್ಳಬಹುದು ಅಂತಲೇ. ಮ್ಯಾಟ್ ಮೇಲೆ ಮ್ಯಾಟ್ ಹಾಕುವ ಅಭ್ಯಾಸ ನಮ್ಮಲ್ಲಿ ಜಾಸ್ತಿ. ನಾನು ಮೇಲಿನದನ್ನು ತೆಗೆದೇಬಿಟ್ಟೆ.

ಈಗ ಸಂಡೂರಿನ ಇಳಿಜಾರಿನಲ್ಲಿ ಗೇರ್ ಇಳಿಸಿದಾಗ ಪಕ್ಕದಲ್ಲಿ ಕೂತವರ ತಲೆ ಮುಂದಕ್ಕೆ ವಾಲುವುದಿಲ್ಲ. ಕಾಲಿಗೆ ಅಭ್ಯಾಸವಾಗಲು ಸಮಯ ಹಿಡಿಯಿತು. ನಿಂತ ಕಾರಿನಲ್ಲಿ, ಆಮೇಲೆ ಬೆಳಗಿನ ಜಾವದ ಖಾಲಿ ರಸ್ತೆಯಲ್ಲಿ. ತೆಳು ಅಡಿಯ ಶೂ ಬೇಕು, ಹವಾಯಿ ಚಪ್ಪಲಿಯಲ್ಲಿ ಬೇಡವೇ ಬೇಡ. ಒಂದು ತಲೆನೋವು ಗಣಿ ಕಡೆಯ ಕೆಂಪು ಧೂಳು. ಗುಬ್ಬಿಗಳ ನಡುವೆ ಮೆತ್ತಿಕೊಂಡು, ಮಳೆಗಾಲದ ಶೂ ತಾಗಿದರೆ ರಾಡಿಯಾಗುತ್ತದೆ. ಒದ್ದೆ ಲೋಹ ಹಳೇ ರಬ್ಬರಿಗಿಂತ ಜಾಸ್ತಿ ಜಾರುತ್ತದೆ. ಹಳೇ ಟೂತ್‌ಬ್ರಷ್‌ನಿಂದ ಉಜ್ಜುವಾಗಲೇ ನಟ್ ಬಿಗಿಯನ್ನೂ ನೋಡಿಕೊಳ್ಳುತ್ತೇನೆ.

ನನ್ನ ತಮ್ಮನ ಪಾದ ಅಗಲ. ಕೂತು ಬ್ರೇಕ್ ಒತ್ತಿ ನೋಡಿದಾಗ ಅವನ ಶೂ ಆಕ್ಸಿಲರೇಟರಿಗೂ ತಾಗಿತು. ಅವನು ಕಾರು ಒಯ್ಯುವ ದಿನ ಸ್ಪೇಸರ್ ಬಿಚ್ಚಿಟ್ಟೇ ಕೀ ಕೊಡುತ್ತೇನೆ.